ಹಳೆ ಕಾರಿಗೆ ಹೊಸ ಸಾರಥಿ: ಮುಕ್ತ ತಂತ್ರಾಂಶವನ್ನು ಕತಾರಿನ ರಸ್ತೆಗೆ ಇಳಿಸಬಹುದೇ?

ದೋಹಾ: ರಾಸ್ ಲಫ್ಫಾನಿನಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಗಿನ ಬಿಸಿಲಿನಲ್ಲಿ ದೋಹಾಕ್ಕೆ ಮರಳುವ ನಮ್ಮ ಕನ್ನಡ ಬಂಧುಗಳಿಗೆ ಆ ದಾರಿಯನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಸುಮಾರು 80 ಕಿಲೋಮೀಟರ್. ಅಗಲ, ನೇರ, ನುಣುಪು. ಎರಡೂ ಬದಿ ಮರಳು. ತಿರುವೇ ಇಲ್ಲದ ರಸ್ತೆಯಲ್ಲಿ ಹನ್ನೆರಡು ಗಂಟೆ ದುಡಿದು ಬಂದ ಕಣ್ಣು ಎಳೆಯಲು ಎಷ್ಟು ಹೊತ್ತು ಬೇಕು?

ಕಳೆದ ಚಳಿಗಾಲದಲ್ಲಿ ನಮ್ಮ ಗೆಳೆಯರೊಬ್ಬರಿಗೆ ಹೀಗೇ ಆಯಿತು. ಹೆಸರು ಬೇಡ, ಉಡುಪಿ ಕಡೆಯವರು ಎಂದಷ್ಟೇ ಹೇಳೋಣ. ರಸ್ತೆಯಂಚಿನ ಉಬ್ಬುಪಟ್ಟಿ ಚಕ್ರದಡಿ ಗರ್ ಎಂದಾಗಲೇ ಅವರಿಗೆ ಎಚ್ಚರವಾದದ್ದು. ಮನೆಗೆ ಬಂದು ಹೆಂಡತಿಗೆ ಹೇಳಲಿಲ್ಲ, ನಮಗೆ ಹೇಳಿದರು. ಮರುವಾರ ಅವರೇ ಒಂದು ವಿಡಿಯೋ ಕಳಿಸಿ ಫೋನು ಮಾಡಿದರು: "ಎಂತ ಮಾರಾಯ್ರೆ, ಸಾವಿರ ಡಾಲರಿಗೆ ಒಂದು ಪೆಟ್ಟಿಗೆ ಉಂಟಂತೆ. ಕನ್ನಡಿ ಹತ್ತಿರ ಅಂಟಿಸಿದರೆ ಕಾರು ತಾನೇ ಹೋಗ್ತದಂತೆ. ನೀವು ಕಂಪ್ಯೂಟರಿನವರಲ್ವಾ, ನನ್ನ ಕಾರಿಗೂ ಒಂದು ಹಾಕಿ ಕೊಡಿ."

ಕಂಪ್ಯೂಟರಿನವರು ಎಂದರೆ ನಾವು ಮೂವರು. ದಿನಗೂಲಿ ಬ್ಯಾಂಕು, ಕಚೇರಿಗಳ ತಂತ್ರಾಂಶದ್ದು. ಕಾರಿನ ತಂತ್ರಾಂಶ ಬರೆದವರಲ್ಲ. ಆದರೂ ಗೆಳೆಯರ ಮಾತು ತೆಗೆದುಹಾಕಲಾಗದೆ ಹಲವು ಶುಕ್ರವಾರಗಳನ್ನು ಈ ವಿಷಯಕ್ಕೇ ಕೊಟ್ಟೆವು. ಇದೇ ಪ್ರಶ್ನೆ ಇನ್ನೂ ಹಲವು ಮನೆಗಳಲ್ಲಿ ಏಳುತ್ತಿದೆ ಎಂದು ತಿಳಿದುದರಿಂದ ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಆ ಪೆಟ್ಟಿಗೆಯೊಳಗಿನ ತಂತ್ರಾಂಶದ ಹೆಸರು ಓಪನ್‌ಪೈಲಟ್. ಇದರ ಹುಟ್ಟಿನ ಕಥೆಯೇ ಸ್ವಾರಸ್ಯಕರ. ಹದಿನೇಳನೇ ವಯಸ್ಸಿನಲ್ಲಿ, 2007ರಲ್ಲಿ, ಐಫೋನಿನ ಬೀಗ ಮುರಿದು ಪ್ರಸಿದ್ಧನಾದ ಜಾರ್ಜ್ ಹಾಟ್ಜ್ ಎಂಬ ಅಮೆರಿಕದ ಹುಡುಗ 2015ರಲ್ಲಿ ಕಾಮಾ.ಎಐ ಎಂಬ ಕಂಪನಿ ತೆರೆದ. ಈಗಾಗಲೇ ಮನೆಯಲ್ಲಿರುವ ಕಾರಿಗೆ 999 ಡಾಲರಿನಲ್ಲಿ ಚಾಲಕ ಸಹಾಯ ವ್ಯವಸ್ಥೆ ಜೋಡಿಸುತ್ತೇನೆ ಎಂದು ಘೋಷಿಸಿದ. 2016ರ ಅಕ್ಟೋಬರಿನಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಅವನಿಗೊಂದು ಪತ್ರ ಬರೆಯಿತು. ನಿನ್ನ ಯಂತ್ರ ಹೇಗೆ ಕೆಲಸ ಮಾಡುತ್ತದೆ, ಸುರಕ್ಷಿತವೆಂದು ಹೇಗೆ ನಂಬಬೇಕು, ಉತ್ತರಿಸು, ತಡ ಮಾಡಿದರೆ ದಿನಕ್ಕೆ 21,000 ಡಾಲರಿನವರೆಗೆ ದಂಡ ಎಂಬುದು ಅದರ ಸಾರ. ಉತ್ತರಿಸುವ ಬದಲು ಹಾಟ್ಜ್ ಆ ಯಂತ್ರವನ್ನೇ ರದ್ದು ಮಾಡಿದ. ಒಂದು ತಿಂಗಳು ಕಳೆದು ಕೆಲವೇ ದಿನಗಳಲ್ಲಿ, ನವೆಂಬರ್ 30ರಂದು, ತಂತ್ರಾಂಶದ ಮೂಲ ಸಂಕೇತವನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟುಬಿಟ್ಟ! ಸರಕು ಮಾರಿದರೆ ತಾನೇ ನಿಮ್ಮ ಕಾನೂನು? ಇದು ಬರೀ ಬರಹ, ಬೇಕಾದವರು ಓದಿಕೊಳ್ಳಲಿ, ಬೇಕಾದವರು ಬಳಸಲಿ ಎಂಬ ವರಸೆ.

ಈ ವರಸೆಯನ್ನು ಓದುಗರು ನೆನಪಿನಲ್ಲಿಡಬೇಕು. ಇಂದಿಗೂ ಕಂಪನಿ ಮಾರುವುದು ಕ್ಯಾಮೆರಾ ಇರುವ ಪೆಟ್ಟಿಗೆ ಮತ್ತು ತಂತಿಯ ಜೋಡಣೆ ಮಾತ್ರ. ಕಾರು ಓಡಿಸುವ ತಂತ್ರಾಂಶವು ಎಂಐಟಿ ಪರವಾನಗಿಯಡಿ ಇದೆ. ಎಂದರೆ ಯಾವ ಖಾತರಿಯೂ ಇಲ್ಲದೆ, ಇದ್ದದ್ದು ಇದ್ದಂತೆ. ಇದು ಸಂಶೋಧನೆಗೆಂದು ಇರುವ ಆರಂಭಿಕ ಹಂತದ ತಂತ್ರಾಂಶ, ಮಾರಾಟದ ಸರಕಲ್ಲ ಎಂದು ಅದನ್ನು ಬರೆದವರೇ ದಪ್ಪ ಅಕ್ಷರಗಳಲ್ಲಿ ಹಾಕಿದ್ದಾರೆ. ನಾವು ಬ್ಯಾಂಕಿಗೆ ಹೀಗೆ ಬರೆದುಕೊಟ್ಟರೆ ನಾಳೆ ವೀಸಾ ರದ್ದಾಗುತ್ತದೆ, ಇರಲಿ.

ಹಾಗೆಂದು ಕಳಪೆಯೇ? ಇಲ್ಲ. 2020ರಲ್ಲಿ ಅಮೆರಿಕದ ಗ್ರಾಹಕ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್ ದೊಡ್ಡ ದೊಡ್ಡ ಕಾರು ಕಂಪನಿಗಳ ವ್ಯವಸ್ಥೆಗಳ ಜತೆಗೆ ಇದನ್ನೂ ಪರೀಕ್ಷಿಸಿತು. ಓಪನ್‌ಪೈಲಟ್‌ಗೆ 78 ಅಂಕ, ಕ್ಯಾಡಿಲಾಕ್‌ನ ಸೂಪರ್ ಕ್ರೂಸ್‌ಗೆ 69, ಟೆಸ್ಲಾದ ಆಟೋಪೈಲಟ್‌ಗೆ 57. ನಮ್ಮಲ್ಲೊಬ್ಬರು ರಜೆಯಲ್ಲಿ ಅಕ್ಕನ ಮನೆಗೆ ನ್ಯೂಜೆರ್ಸಿಗೆ ಹೋದಾಗ ಭಾವನ ಕಾರಿನಲ್ಲಿ ಇದನ್ನು ಕಂಡು ಬಂದಿದ್ದಾರೆ. ಹೆದ್ದಾರಿಯಲ್ಲಿ ಸಾಲಿನ ನಡುವೆ ಎಣ್ಣೆ ಸುರಿದ ಹಾಗೆ ಹೋಗುತ್ತದೆ, ಮುಂದಿನ ಕಾರು ನಿಧಾನಿಸಿದರೆ ತಾನೂ ನಿಧಾನಿಸುತ್ತದೆ. ಚೂಪಾದ ತಿರುವು ಬಂದರೆ ಮಾತ್ರ ಇಲ್ಲಿಂದ ನೀವೇ ಹಿಡಿಯಿರಿ ಎಂದು ಕೂಗುತ್ತದೆ, ಇದು ಅವರ ವರದಿ. "ಆದರೆ ಭಾವ ಒಂದು ನಿಮಿಷವೂ ರಸ್ತೆ ಬಿಟ್ಟು ಬೇರೆ ಕಡೆ ನೋಡಲಿಲ್ಲ" ಎಂಬುದನ್ನೂ ಅವರು ಸೇರಿಸಿದರು. ಯಾಕೆ ನೋಡಲಿಲ್ಲ ಎಂಬುದಕ್ಕೆ ಆಮೇಲೆ ಬರುತ್ತೇವೆ.

ಈಗ ಇದು ಕೆಲಸ ಮಾಡುವ ಬಗೆ. ಪೆಟ್ಟಿಗೆಗೆ ಕೈಕಾಲಿಲ್ಲ. ಸ್ಟೀರಿಂಗ್ ತಿರುಗಿಸುವ ಮೋಟಾರು, ಬ್ರೇಕು ಹಾಕುವ ಯಂತ್ರ ಎಲ್ಲವೂ ಕಾರಿನಲ್ಲಿ ಮೊದಲೇ ಇರಬೇಕು. ಇಂದಿನ ಕಾರಿನಲ್ಲಿ ಎಂಜಿನ್, ಬ್ರೇಕು, ಸ್ಟೀರಿಂಗ್‌ಗಳಿಗೆ ಒಂದೊಂದು ಚಿಕ್ಕ ಗಣಕಯಂತ್ರವಿದ್ದು, ಅವು ಪರಸ್ಪರ ಮಾತನಾಡುವ ಜೋಡಿ ತಂತಿಗೆ ಕ್ಯಾನ್ ಬಸ್ ಎನ್ನುತ್ತಾರೆ. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಲೋಕಕ್ಕೆ ತೋರಿಸಿದ ಪದ್ಧತಿ ಇದು. ನಮ್ಮೂರ ಒಟ್ಟು ಕುಟುಂಬದ ಜಗಲಿಯ ಹಾಗೆ: ಯಾರೋ ಒಬ್ಬರು ಕೂಗಿ ಹೇಳುತ್ತಾರೆ, ಎಲ್ಲರಿಗೂ ಕೇಳುತ್ತದೆ, ಸಂಬಂಧಪಟ್ಟವರು ಮಾಡುತ್ತಾರೆ. ಕೂಗಿದ್ದು ಅಜ್ಜನೋ, ಜಗಲಿಗೆ ಬಂದು ಕುಳಿತ ಪರಸ್ಥಳದವನೋ ಎಂದು ಯಾರೂ ಕೇಳುವುದಿಲ್ಲ. ಸಾಲು ಕಾಯುವ ಸೌಲಭ್ಯವಿರುವ ಕಾರಿನಲ್ಲಿ ಕನ್ನಡಿಯ ಹಿಂದಿನ ಕ್ಯಾಮೆರಾ "ಸ್ಟೀರಿಂಗ್ ಸ್ವಲ್ಪ ಎಡಕ್ಕೆ" ಎಂದು ಕೂಗುತ್ತದೆ. ಓಪನ್‌ಪೈಲಟ್ ಪೆಟ್ಟಿಗೆಯ ತಂತಿ ಆ ಕ್ಯಾಮೆರಾದ ಜಾಗದಲ್ಲೇ ನಡುವೆ ಸೇರಿಕೊಳ್ಳುತ್ತದೆ. ಮೂಲ ಕ್ಯಾಮೆರಾದ ಕೂಗನ್ನು ತಡೆದು ತನ್ನ ಕೂಗನ್ನು ಕಳಿಸುತ್ತದೆ. ಕಾರು ಕೊಯ್ಯುವುದು, ತೂತು ಕೊರೆಯುವುದು ಇಲ್ಲ. ಕಳಚಿದರೆ ಕಾರು ಮೊದಲಿನಂತೆ.

ತಂತ್ರಾಂಶ ಬರೆಯುವವರಾಗಿ ನಮಗೆ ಮೆಚ್ಚುಗೆಯಾದ ಭಾಗ ಬೇರೊಂದಿದೆ. ರಸ್ತೆ ನೋಡಿ ನಿರ್ಧರಿಸುವ ದೊಡ್ಡ ತಂತ್ರಾಂಶವನ್ನು ಅವರು ನಂಬಿಲ್ಲ. ಅದಕ್ಕೂ ಕಾರಿಗೂ ನಡುವೆ ಪಾಂಡಾ ಎಂಬ ಪ್ರತ್ಯೇಕ ಚಿಪ್ಪನ್ನು ಕಾವಲಿಗೆ ಇಟ್ಟಿದ್ದಾರೆ. ಸ್ಟೀರಿಂಗಿಗೆ ಇಷ್ಟಕ್ಕಿಂತ ಹೆಚ್ಚು ಬಲ ಕೂಡದು, ಒಮ್ಮೆಗೇ ಎಳೆಯಕೂಡದು, ಚಾಲಕ ಬ್ರೇಕು ಮುಟ್ಟಿದರೆ ಕೂಡಲೇ ಬಿಟ್ಟುಕೊಡಬೇಕು, ಮೇಲಿನ ತಂತ್ರಾಂಶ ಸತ್ತುಹೋದರೆ ಯಾವ ಆಜ್ಞೆಯೂ ಮುಂದೆ ಹೋಗಕೂಡದು. ಈ ಸಣ್ಣ ಭಾಗವನ್ನು ಕಾರು ಉದ್ಯಮದ ಕಟ್ಟುನಿಟ್ಟಿನ ನಿಯಮಗಳಂತೆ ಬರೆದಿದ್ದಾರೆ. ಯಾವ ಕಾರು ಕಂಪನಿಯೂ ತನ್ನ ಸಂಕೇತವನ್ನು ಹೀಗೆ ನಮ್ಮ ಮುಂದೆ ಬಿಚ್ಚಿಡುವುದಿಲ್ಲ. ಆ ಮಟ್ಟಿಗೆ ಮುಕ್ತ ತಂತ್ರಾಂಶ ಗೆದ್ದಿದೆ ಎನ್ನಲು ನಮಗೆ ಸಂಕೋಚವಿಲ್ಲ.

ಆದರೆ ಅದೇ ಕಾವಲಿನಲ್ಲಿ ಒಂದು ಲೆಕ್ಕವಿದೆ. ತಂತ್ರಾಂಶ ತಪ್ಪಿ ಸುಮ್ಮಸುಮ್ಮನೆ ಬ್ರೇಕು ಹಾಕಿದರೆ ಹಿಂದಿನವರು ಗುದ್ದಿಯಾರೆಂದು, ಅದು ಹಾಕಬಹುದಾದ ಬ್ರೇಕಿಗೆ ಸೆಕೆಂಡಿನ ವರ್ಗಕ್ಕೆ 3.5 ಮೀಟರ್ ಎಂಬ ಮಿತಿ ಇಟ್ಟಿದ್ದಾರೆ. ಅಂತರರಾಷ್ಟ್ರೀಯ ಮಾನದಂಡದಿಂದ ಬಂದ ಮಿತಿ ಅದು, ತಪ್ಪೇನಲ್ಲ. ಗಂಟೆಗೆ 120 ಕಿಲೋಮೀಟರ್ ವೇಗದ ಕಾರು ಈ ಮಿತಿಯಲ್ಲಿ ನಿಲ್ಲಲು ಸುಮಾರು 159 ಮೀಟರ್ ಬೇಕು. ಮನುಷ್ಯ ಒಣ ರಸ್ತೆಯಲ್ಲಿ ಬಲವಾಗಿ ಬ್ರೇಕು ತುಳಿದು 8 ಮೀಟರಿನ ಲೆಕ್ಕದಲ್ಲಿ ನಿಲ್ಲಿಸಿದರೆ ಸುಮಾರು 70 ಮೀಟರ್. ನಡುವಿನ ಆ 90 ಮೀಟರ್ ಯಾರ ಪಾಲಿನದು? ಎಚ್ಚರವಿರುವ ಚಾಲಕನ ಪಾಲಿನದು. ಅಲ್ ಶಮಾಲ್ ರಸ್ತೆಯಲ್ಲಿ ಟೈರು ಸಿಡಿದು ನಿಂತ ಲಾರಿ ಎದುರಾದರೆ ಕಾಗದದ ಮೇಲಿನ ಈ ಲೆಕ್ಕ ಜೀವದ ಲೆಕ್ಕವಾಗುತ್ತದೆ. ವೇಗದಲ್ಲಿ ಹೋಗುವಾಗ ನಿಂತ ವಾಹನವನ್ನು ಗುರುತಿಸುವುದರಲ್ಲಿ ಈ ಜಾತಿಯ ಎಲ್ಲ ವ್ಯವಸ್ಥೆಗಳೂ ದುರ್ಬಲ ಎಂಬುದನ್ನು ಕಾರಿನ ಜತೆ ಬರುವ ಪುಸ್ತಕಗಳೇ ಹೇಳುತ್ತವೆ. ನಾವ್ಯಾರೂ ಆ ಪುಟ ಓದುವುದಿಲ್ಲ ಅಷ್ಟೇ.

ಇಲ್ಲೇ ಗೆಳೆಯರ ಬೇಡಿಕೆಗೂ ಯಂತ್ರದ ಸ್ವಭಾವಕ್ಕೂ ಹೊಂದಿಕೆಯಾಗದ್ದು ನಮಗೆ ಹೊಳೆದದ್ದು. ಅವರಿಗೆ ಬೇಕಾದದ್ದು ನಿದ್ದೆ ಬಂದಾಗ ಕಾರು ಓಡಿಸುವವರು. ಇದು ಎರಡನೇ ಹಂತದ ಸಹಾಯ. ಸೊನ್ನೆಯಿಂದ ಐದರವರೆಗಿನ ಏಣಿಯಲ್ಲಿ ಎರಡನೇ ಮೆಟ್ಟಿಲೆಂದರೆ, ಸ್ಟೀರಿಂಗು ಮತ್ತು ವೇಗ ಯಂತ್ರ ನೋಡಿಕೊಂಡರೂ ರಸ್ತೆ ನೋಡುವ ಹೊಣೆ ಪೂರ್ತಿ ಮನುಷ್ಯನದು. ಅದಕ್ಕೇ ಪೆಟ್ಟಿಗೆಯಲ್ಲಿ ಒಳಮುಖದ ಕ್ಯಾಮೆರಾ ಒಂದಿದೆ. ಚಾಲಕನ ಮುಖ, ಕಣ್ಣು ನೋಡುತ್ತಾ ಇರುತ್ತದೆ, ಕತ್ತಲಲ್ಲೂ ನೋಡುತ್ತದೆ. ಕೆಲವೇ ಸೆಕೆಂಡು ದೃಷ್ಟಿ ತಪ್ಪಿದರೆ ಎಚ್ಚರಿಸುತ್ತದೆ, ಮತ್ತೂ ತಪ್ಪಿದರೆ ಕಿರುಚುತ್ತದೆ, ಕೊನೆಗೆ ಕಾರಿನ ವೇಗ ಇಳಿಸುತ್ತದೆ. ನ್ಯೂಜೆರ್ಸಿಯ ಭಾವ ರಸ್ತೆ ಬಿಟ್ಟು ನೋಡದೆ ಇದ್ದದ್ದು ಇದಕ್ಕೇ! ಗ್ರಾಹಕ ಪತ್ರಿಕೆ ಹೆಚ್ಚು ಹೊಗಳಿದ್ದೂ ಇದನ್ನೇ. ನಿದ್ದೆಗೆ ಅನುಕೂಲ ಮಾಡಿಕೊಡುವ ಯಂತ್ರವೆಂದು ಗೆಳೆಯರು ತಿಳಿದದ್ದು ನಿದ್ದೆಗೆಡಿಸುವ ಯಂತ್ರ.

ಹಾಗಾದರೆ ಆ ಕ್ಯಾಮೆರಾಕ್ಕೆ ಬಟ್ಟೆ ಕಟ್ಟಿದರೆ? ಮುಕ್ತ ತಂತ್ರಾಂಶ ತಾನೇ, ಆ ಭಾಗವನ್ನೇ ಅಳಿಸಿದರೆ? ಇದು ಸಾಧ್ಯ, ಮತ್ತು ಇದೇ ಮುಕ್ತತೆಯ ಕಹಿ ಪಾಲು. ಓಪನ್‌ಪೈಲಟ್‌ನಿಂದ ಕವಲೊಡೆದ ತಂತ್ರಾಂಶಗಳು ಹಲವಿವೆ. ಕೆಲವು ಹೊಸ ಸೌಲಭ್ಯ ಕೊಡುತ್ತವೆ. ಸುರಕ್ಷತೆಯ ಮಿತಿಗಳನ್ನು ಸಡಿಲಿಸಿಕೊಳ್ಳುವವರೂ ಇದ್ದಾರೆ. ಅಂಥವರನ್ನು ಕಂಪನಿ ತನ್ನ ಸರ್ವರಿನಿಂದ ಹೊರಗಿಡಬಲ್ಲದು, ರಸ್ತೆಯಿಂದ ಹೊರಗಿಡಲಾರದು. 2018ರ ಮಾರ್ಚ್ 23ರಂದು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಬಳಿ ಆಟೋಪೈಲಟ್ ಚಾಲನೆಯಲ್ಲಿದ್ದ ಟೆಸ್ಲಾ ಕಾರು ಹೆದ್ದಾರಿ ಕವಲೊಡೆಯುವ ಜಾಗದ ತಡೆಗೋಡೆಗೆ ಬಡಿದು ಚಾಲಕ ಸತ್ತ. ಅವನ ಫೋನಿನಲ್ಲಿ ಆಟವೊಂದು ನಡೆಯುತ್ತಿತ್ತು ಎಂದು ತನಿಖೆ ಮಾಡಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2020ರಲ್ಲಿ ಹೇಳಿತು. ಅದೇ ಜಾಗದಲ್ಲಿ ಕಾರು ಪಕ್ಕಕ್ಕೆ ಎಳೆಯುತ್ತದೆ ಎಂದು ಅವನು ಮನೆಯವರಿಗೆ ಮೊದಲೇ ಹೇಳಿದ್ದನಂತೆ. ಅವನೂ ನಮ್ಮ ಹಾಗೆ ಸಾಫ್ಟ್‌ವೇರ್ ಎಂಜಿನಿಯರ್. ಓದಿದ ದಿನ ನಾವು ಮೂವರೂ ಹೆಚ್ಚು ಮಾತಾಡಲಿಲ್ಲ.

ಇನ್ನು ಕತಾರಿನ ಸಂಗತಿ. ಮೊದಲನೆಯದಾಗಿ ಕಾರೇ ಒಪ್ಪಬೇಕು. ಅಮೆರಿಕದಲ್ಲಿ 2018ರ ನಂತರದ ಕ್ಯಾಮ್ರಿ ಕೊಂಡರೆ ಅತಿ ಅಗ್ಗದ್ದರಲ್ಲೂ ಸಾಲು ಕಾಯುವ ಕ್ಯಾಮೆರಾ ಬರುತ್ತದೆ. ಕೊಲ್ಲಿಗೆಂದು ಬರುವ ಕಾರುಗಳಲ್ಲಿ ಅದು ಹೆಚ್ಚಾಗಿ ಮೇಲಿನ ದರ್ಜೆಯವುಗಳಿಗೆ ಮೀಸಲು. ಹೆಸರು ಒಂದೇ, ಹೊರಗಿನಿಂದ ರೂಪವೂ ಒಂದೇ, ಒಳಗೆ ಆ ಕೈಕಾಲುಗಳೇ ಇಲ್ಲ. ಅಂತರ್ಜಾಲದ ಪಟ್ಟಿಯಲ್ಲಿ ತಮ್ಮ ಕಾರಿನ ಹೆಸರು ಕಂಡು ಪೆಟ್ಟಿಗೆ ತರಿಸಿಕೊಳ್ಳುವ ಮೊದಲು ಕನ್ನಡಿಯ ಹಿಂದೆ ಕ್ಯಾಮೆರಾ ಇದೆಯೇ ಎಂದು ನೋಡಿ. 3,600 ರಿಯಾಲಿನ ಮಾತು. ನಮ್ಮ ಗೆಳೆಯರ ಕಾರಿನಲ್ಲಿ ಇರಲಿಲ್ಲ. ಕಥೆ ಅಲ್ಲಿಗೇ ಮುಗಿಯಬೇಕಿತ್ತು, ಆದರೆ ಅವರು "ಹಾಗಾದರೆ ಕಾರೇ ಬದಲಿಸುವ" ಎಂದರು!

ಬದಲಿಸಿದರೂ ಹೊಸ ತೊಡಕು. ಜಗಲಿಯಲ್ಲಿ ಯಾರು ಬೇಕಾದರೂ ಕೂಗಬಹುದಾದ ಆ ಸಡಿಲು ಕಳ್ಳರಿಗೂ ಗೊತ್ತಾಗಿದೆ. 2022ರಲ್ಲಿ ಇಂಗ್ಲೆಂಡಿನಲ್ಲಿ ಕಾರಿನ ಭದ್ರತೆಯನ್ನೇ ಅಧ್ಯಯನ ಮಾಡುವ ತಜ್ಞರೊಬ್ಬರ ಟೊಯೋಟಾ ರಾವ್4 ಕಳುವಾಯಿತು. ಹೆಡ್‌ಲೈಟಿನ ತಂತಿಯ ಮೂಲಕ ಒಳನುಗ್ಗಿ ಬೀಗ ತೆಗೆಯಲು ಸುಳ್ಳು ಆಜ್ಞೆ ಕಳಿಸುವ ವಿಧಾನವನ್ನು ಆಮೇಲೆ ಅವರೇ ಪತ್ತೆಹಚ್ಚಿ ಪ್ರಕಟಿಸಿದರು. ಅದಕ್ಕೂ ಮೊದಲೇ, 2015ರಲ್ಲಿ, ಇಬ್ಬರು ಸಂಶೋಧಕರು ದೂರದಿಂದಲೇ ಜೀಪ್ ಒಂದನ್ನು ಹಿಡಿತಕ್ಕೆ ತೆಗೆದುಕೊಂಡು ತೋರಿಸಿ, 14 ಲಕ್ಷ ವಾಹನಗಳನ್ನು ಕಂಪನಿ ಸರಿಪಡಿಸಲು ಹಿಂದಕ್ಕೆ ಕರೆಯಬೇಕಾಗಿ ಬಂದಿತ್ತು. ಹಾಗಾಗಿ ಹೊಸ ಕಾರುಗಳಲ್ಲಿ ಪ್ರತಿ ಕೂಗಿಗೂ ಗುಪ್ತ ಮುದ್ರೆ ಒತ್ತುವ ಪದ್ಧತಿ ಬರುತ್ತಿದೆ. ಟೊಯೋಟಾದ ಹಲವು ಹೊಸ ಮಾದರಿಗಳು ಇದೇ ಕಾರಣಕ್ಕೆ ಓಪನ್‌ಪೈಲಟ್‌ಗೆ ಬಗ್ಗುವುದಿಲ್ಲ. ತೀರ ಹಳೆಯ ಕಾರಿಗೆ ಕೈಕಾಲಿಲ್ಲ, ತೀರ ಹೊಸದಕ್ಕೆ ಬೀಗ. ನಡುವಿನ ಕೆಲವು ವರ್ಷಗಳ ಕಾರುಗಳಷ್ಟೇ ಈ ಪ್ರಯೋಗಕ್ಕೆ ಸಿಗುವಂಥವು, ಆ ಕಿಟಕಿಯೂ ಸಣ್ಣದಾಗುತ್ತಿದೆ. ಕಂಪನಿಗಳ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ, ನಮ್ಮ ಕಾರೇ ಕಳುವಾದರೆ ಮೊದಲು ಬೈಯುವವರೂ ನಾವೇ.

ಬಿಸಿಲು ಇನ್ನೊಂದು. ಪೆಟ್ಟಿಗೆ ಕೂರುವುದು ಮುಂದಿನ ಗಾಜಿನ ಮೇಲೆ, ಬಿಸಿಲು ನೇರ ಬೀಳುವ ಜಾಗ. ಜುಲೈ ತಿಂಗಳಲ್ಲಿ ಹೊರಗೇ 45 ಡಿಗ್ರಿ ದಾಟುವಾಗ, ತೆರೆದ ಜಾಗದಲ್ಲಿ ನಿಲ್ಲಿಸಿದ ಕಾರಿನ ಸ್ಟೀರಿಂಗನ್ನೇ ಮುಟ್ಟಲಾಗುವುದಿಲ್ಲ. ಸ್ನ್ಯಾಪ್‌ಡ್ರಾಗನ್ 845 ಎಂಬ ಫೋನಿನ ಚಿಪ್ಪಿನ ಮೇಲೆ ನಡೆದ ಕಾಮಾ 3ಎಕ್ಸ್‌ನಂಥ ಪೆಟ್ಟಿಗೆಗಳು ಬಿಸಿ ಹೆಚ್ಚಾದರೆ ತಣಿಯುವ ತನಕ ಕೆಲಸ ಶುರು ಮಾಡುವುದಿಲ್ಲ ಎಂದು ತಾವೇ ಸೂಚಿಸುತ್ತವೆ. ಅದು ಸರಿಯಾದ ನಡತೆಯೇ. ಆದರೆ ವರ್ಷದ ನಾಲ್ಕು ತಿಂಗಳು ಮಧ್ಯಾಹ್ನ ತಣಿಯುತ್ತಾ ಕೂರುವ ಸಾರಥಿಯಿಂದ ಏನು ಪ್ರಯೋಜನ? ಇನ್ನು ಶಮಾಲ್ ಗಾಳಿ ಎದ್ದು ರಸ್ತೆಯ ಬಿಳಿ ಗೆರೆಗಳ ಮೇಲೆ ಮರಳು ಹರಿಯುವ ದಿನಗಳಿವೆ. ಕಾಮಾ ಕಂಪನಿ 2018ರಲ್ಲಿ ಸಂಶೋಧನೆಗೆಂದು ಬಿಡುಗಡೆ ಮಾಡಿದ ದತ್ತಾಂಶವನ್ನು ನಾವು ಇಳಿಸಿಕೊಂಡು ನೋಡಿದೆವು. 33 ಗಂಟೆಗಳ ಚಾಲನೆ, ಎಲ್ಲವೂ ಕ್ಯಾಲಿಫೋರ್ನಿಯಾದ 280ನೇ ಹೆದ್ದಾರಿಯದು. ಈಗ ಜಗತ್ತಿನ ಎಷ್ಟೋ ರಸ್ತೆಗಳಿಂದ ಅದು ಕಲಿತಿದೆ ನಿಜ. ಆದರೂ ರಸ್ತೆಗೆ ಅಡ್ಡ ಬರುವ ಒಂಟೆಯನ್ನೋ, ಹಿಂದಿನಿಂದ ದೀಪ ಮಿಣುಕಿಸುತ್ತಾ ಬೆನ್ನಿಗೇ ಅಂಟಿಕೊಳ್ಳುವ ದೊಡ್ಡ ಬಿಳಿ ಗಾಡಿಯನ್ನೋ ಕಂಡು ನಾವು ಏನು ಮಾಡುತ್ತೇವೋ ಅದನ್ನೇ ಅದು ಮಾಡೀತೆಂದು ನಂಬಿ ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಲು ನಮ್ಮಿಂದಾಗದು.

ಕಾನೂನಿನ ಮಾತೂ ಇದೆ. ನಾವು ವಕೀಲರಲ್ಲ, ಓದಿ ತಿಳಿದದ್ದನ್ನಷ್ಟೇ ಹೇಳುತ್ತೇವೆ. 2007ರ 19ನೇ ಸಂಖ್ಯೆಯ ಸಂಚಾರ ಕಾನೂನಿನ ಪ್ರಕಾರ ಇಲ್ಲಿ ವಾಹನದ ಮೂಲ ಲಕ್ಷಣಗಳನ್ನು ಅನುಮತಿಯಿಲ್ಲದೆ ಬದಲಿಸುವಂತಿಲ್ಲ. ತಂತಿ ಜೋಡಿಸಿದ ಪೆಟ್ಟಿಗೆ ಬದಲಾವಣೆಯೋ ಅಲ್ಲವೋ ಎಂದು ವಾದ ಮಾಡಬಹುದು. ಆದರೆ ವಾದ ಮಾಡಬೇಕಾಗಿ ಬರುವುದು ಅಪಘಾತವಾದ ಮೇಲೆ, ಠಾಣೆಯಲ್ಲಿ, ವಿಮೆಯವರ ಮುಂದೆ. 2023ರ ಸೆಪ್ಟೆಂಬರ್ 3ರಿಂದ ಸೀಟು ಬೆಲ್ಟ್ ಇಲ್ಲದಿರುವುದನ್ನೂ ಫೋನು ಹಿಡಿದಿರುವುದನ್ನೂ ರಸ್ತೆಯ ಕ್ಯಾಮೆರಾಗಳೇ ಹಿಡಿದು 500 ರಿಯಾಲ್ ದಂಡ ಹಾಕುತ್ತಿವೆ ಎಂಬುದು ಎಲ್ಲರಿಗೂ ಗೊತ್ತು. ಸ್ಟೀರಿಂಗಿನಿಂದ ಕೈ ತೆಗೆದು ಕುಳಿತವರ ಚಿತ್ರ ಅಲ್ಲಿ ಹೇಗೆ ಕಂಡೀತು?

ಚಿತ್ರೀಕರಣದ್ದು ಇನ್ನೂ ಸೂಕ್ಷ್ಮ. ಈ ಪೆಟ್ಟಿಗೆ ದಾರಿಯುದ್ದಕ್ಕೂ ರಸ್ತೆಯ ವಿಡಿಯೋ ದಾಖಲಿಸುತ್ತದೆ, ನಾವು ಬೇಡವೆನ್ನದಿದ್ದರೆ ಅದು ಹೊರದೇಶದ ಸರ್ವರಿಗೆ ಹೋಗುತ್ತದೆ. ಕತಾರಿನಲ್ಲಿ 2025ರ 11ನೇ ಸಂಖ್ಯೆಯ ಕಾನೂನು ಸೈಬರ್ ಅಪರಾಧ ಕಾನೂನಿಗೆ ತಿದ್ದುಪಡಿ ತಂದು, ಸಾರ್ವಜನಿಕ ಸ್ಥಳದಲ್ಲಿರುವವರ ಚಿತ್ರ ಅಥವಾ ವಿಡಿಯೋವನ್ನು ಅವರ ಒಪ್ಪಿಗೆಯಿಲ್ಲದೆ ಅಂತರ್ಜಾಲದಲ್ಲಿ ಪ್ರಕಟಿಸಿದರೆ ಒಂದು ವರ್ಷದವರೆಗೆ ಸೆರೆ, 1,00,000 ರಿಯಾಲಿನವರೆಗೆ ದಂಡ ಎಂದಿದೆ. "ನೋಡಿ, ನನ್ನ ಕಾರು ತಾನೇ ಓಡುತ್ತಿದೆ" ಎಂದು ವಿಡಿಯೋ ಹಾಕುವ ಉಮೇದಿನ ಯುವಕರು ಇದನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಊರಿಗೆ ಮರಳಿದ ಮೇಲೆ ಮಾಡೋಣ ಎಂದುಕೊಂಡವರಿಗೂ ದಾರಿ ಸುಗಮವಿಲ್ಲ. ವಾಹನವನ್ನು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಬದಲಿಸುವಂತಿಲ್ಲ ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲೇ ಹೇಳಿದೆ. ಹಾಗೆಂದು ನಮ್ಮವರು ಕೈಕಟ್ಟಿ ಕುಳಿತಿಲ್ಲ. ಬೆಂಗಳೂರಿನ ಮೈನಸ್ ಜೀರೋ ಎಂಬ ಚಿಕ್ಕ ಕಂಪನಿ 2023ರ ಜೂನಿನಲ್ಲಿ ಝಡ್‌ಪಾಡ್ ಎಂಬ ಸ್ವಯಂಚಾಲಿತ ವಾಹನವನ್ನು ತೋರಿಸಿತು. ಓಪನ್‌ಪೈಲಟ್‌ನಿಂದ ಕವಲೊಡೆದ ಫ್ಲೋಪೈಲಟ್ ಎಂಬ ತಂತ್ರಾಂಶವನ್ನು ಭಾರತದ ಯುವಕನೊಬ್ಬ ಮಾಮೂಲಿ ಆಂಡ್ರಾಯ್ಡ್ ಫೋನಿನಲ್ಲಿ ನಡೆಸಿ, ಯಾವ ಸೌಲಭ್ಯವೂ ಇಲ್ಲದ ಮಾರುತಿ ಆಲ್ಟೋ ಕಾರಿಗೆ ಜೋಡಿಸಿದ. ಕೈಕಾಲಿಲ್ಲದ ಕಾರಿಗೆ ಕೈಕಾಲನ್ನೂ ತಾನೇ ಕಟ್ಟಿದ ಎಂದಾಯಿತು. ಎಂಜಿನಿಯರಾಗಿ ನಮಗೆ ಚಪ್ಪಾಳೆ ತಟ್ಟಬೇಕೆನಿಸುತ್ತದೆ. ಹುಬ್ಬಳ್ಳಿಯಲ್ಲಿರುವ ಅಪ್ಪನ ಕಾರಿಗೆ ಹಾಕಿಕೊಡು ಎಂದರೆ ಮಾತ್ರ ಕೈ ಹಿಂದೆ ಸರಿಯುತ್ತದೆ.

ಕೆಲವು ವರ್ಷ ಕಾದರೆ ಈ ಪ್ರಶ್ನೆಯೇ ಉಳಿಯದೆ ಇರಬಹುದು. ಯುರೋಪಿನಲ್ಲಿ 2024ರ ಜುಲೈಯಿಂದ ಮಾರಾಟವಾಗುವ ಪ್ರತಿ ಹೊಸ ಕಾರಿನಲ್ಲೂ ಸಾಲು ತಪ್ಪದಂತೆ ತಡೆಯುವ ಮತ್ತು ಚಾಲಕನ ತೂಕಡಿಕೆ ಗಮನಿಸಿ ಎಚ್ಚರಿಸುವ ಸೌಲಭ್ಯಗಳು ಕಡ್ಡಾಯವಾಗಿವೆ. ಕೊಲ್ಲಿಯ ಕಾರುಗಳಿಗೂ ಅವು ಮೆಲ್ಲನೆ ಇಳಿದು ಬರುತ್ತಿವೆ. ಈಗ ಕಾರು ಕೊಳ್ಳುವವರು ಸನ್‌ರೂಫಿಗೆ ಕೊಡುವ ಹಣವನ್ನು ಸುರಕ್ಷತಾ ದರ್ಜೆಗೆ ಕೊಡಲಿ ಎಂಬುದು ನಮ್ಮ ಅಭಿಪ್ರಾಯ. ಇದನ್ನು ಹೇಳಿದಾಗ ನಮ್ಮ ಮನೆಗಳಲ್ಲೇ ಮಕ್ಕಳು ಮುಖ ಊದಿಸಿಕೊಂಡರು.

ನಾವು ಪೆಟ್ಟಿಗೆ ತರಿಸಲಿಲ್ಲ. ತಂತ್ರಾಂಶವನ್ನು ಮನೆಯ ಕಂಪ್ಯೂಟರಿಗೆ ಇಳಿಸಿ, ಮೆಟಾಡ್ರೈವ್ ಎಂಬ ಕೃತಕ ರಸ್ತೆಯಲ್ಲಿ ಓಡಿಸಿ ನೋಡುತ್ತಿದ್ದೇವೆ. ಕಾಸಿಲ್ಲದ ಕೆಲಸ, ಗುದ್ದಿದರೆ ಒಂದು ಗುಂಡಿ ಒತ್ತಿ ಮತ್ತೆ ಶುರು. ಉಡುಪಿಯ ಗೆಳೆಯರಿಗೆ ಇದಿಷ್ಟನ್ನೂ ವಿವರಿಸಲು ಒಂದು ಸಂಜೆ ಹಿಡಿಯಿತು. ಚಹಾ ತಂದಿಟ್ಟ ಅವರ ಮನೆಯವರು ನಡುವೆ ಕೇಳಿಸಿಕೊಂಡು, "ಉಬ್ಬುಪಟ್ಟಿಯ ಸಂಗತಿ ಎಂತದು?" ಎಂದರು. ಅದುವರೆಗೆ ಅವರಿಗೆ ಗೊತ್ತಿರಲಿಲ್ಲವಲ್ಲ! ಆಮೇಲಿನ ಅರ್ಧ ಗಂಟೆ ನಾವು ಮೂವರೂ ಚಹಾದ ಲೋಟವನ್ನೇ ನೋಡುತ್ತಾ ಕುಳಿತೆವು.

ಈಗ ರಾತ್ರಿ ಪಾಳಿಯ ವಾರಗಳಲ್ಲಿ ಅವರು ಕಂಪನಿಯ ಬಸ್ಸಿನಲ್ಲೇ ಹೋಗಿ ಬರುತ್ತಿದ್ದಾರೆ. ಎಲ್ಲ ಕಡೆ ನಿಲ್ಲಿಸಿ ಬರುವುದರಿಂದ ಮುಕ್ಕಾಲು ಗಂಟೆ ಹೆಚ್ಚು ಹಿಡಿಯುತ್ತದಂತೆ, ಬಸ್ಸಿನ ಎಸಿ ವಿಪರೀತ ಚಳಿಯಂತೆ. ಆದರೆ ಮನೆ ಬರುವ ತನಕ ನಿದ್ದೆ ಮಾಡಬಹುದಂತೆ. ಕೃತಕ ರಸ್ತೆಯಲ್ಲಿ ಈ ಸಾರಥಿ ಓಡಿಸುವ ಪರಿಯನ್ನು ನೋಡುವ ಕುತೂಹಲವಿದ್ದವರು ಸಂಘದ ಮುಂದಿನ ಕಾರ್ಯಕ್ರಮದಲ್ಲಿ ನಮ್ಮನ್ನು ಕಾಣಿ, ಲ್ಯಾಪ್‌ಟಾಪ್ ತಂದಿರುತ್ತೇವೆ.